ನೀವು ಎಷ್ಟು ತಿಂಗಳ ಶ್ರೀಮಂತರು? ನಮ್ ಕೋಲಾರ ಕಡೆ ದುಡ್ಡು ಹಿಡಿಯೋದು, ಬಿಡೋದು ಹೇಗೆ

ನಮ್ ಕಡೆ ಒಬ್ಬರನ್ನ ಅನುಕೂಲಸ್ಥರು ಅಂತ ಒಪ್ಕೊಳ್ಳೋಕೆ ಜನ ನೋಡೋದು ಮೂರೇ ವಿಷಯ. ರೋಡಿನ ಪಕ್ಕ ಜಮೀನು ಎಷ್ಟಿದೆ, ಮನೆ ಮುಂದೆ ಯಾವ ಗಾಡಿ ನಿಂತಿದೆ, ಮಗಳ ಮದುವೆ ಯಾವ ಛತ್ರದಲ್ಲಿ ಮಾಡಿದ್ರು. ನಾನು ಮುಳಬಾಗಿಲು ಕಡೆ ಹಳ್ಳಿ ಡೈರೀಲಿ ಲೆಕ್ಕ ಬರೆಯೋನು, ಯಾರ ಮನೆಗೆ ಬಟವಾಡೆ, ಅಂದ್ರೆ ಹಾಲಿನ ದುಡ್ಡು, ಎಷ್ಟು ಹೋಗುತ್ತೆ ಅನ್ನೋದೂ ಗೊತ್ತು, ಬಟವಾಡೆಗೆ ನಾಲ್ಕು ದಿನ ಮುಂಚೇನೇ ಬಂದು ‘ಅಣ್ಣ ಒಂದೆರಡು ಸಾವಿರ ಅಡ್ವಾನ್ಸ್ ಮಾಡ್ಕೊಡಣ್ಣ’ ಅಂತ ತಲೆ ಕೆರ್ಕೊಳ್ಳೋರು ಯಾರು ಅನ್ನೋದೂ ಗೊತ್ತು. ಇವೆರಡು ಪಟ್ಟೀನ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಊರವರು ಹೇಳೋ ಶ್ರೀಮಂತರ ಲೆಕ್ಕ ಅರ್ಧಕ್ಕರ್ಧ ಉಲ್ಟಾ ಹೊಡೆಯುತ್ತೆ. ಹೆಸರು ಕೇಳ್ಬೇಡಿ, ನಾಳೆ ನಾನು ಅದೇ ಊರಲ್ಲಿ ಓಡಾಡ್ಬೇಕು.

ಹಾಗಾಗಿ ನಾನು ಬೇರೆ ಅಳತೆ ಇಟ್ಕೊಂಡಿದೀನಿ. ನಾಳೆಯಿಂದ ಮನೆಗೆ ಒಂದು ರೂಪಾಯಿ ಬರಲ್ಲ ಅಂದ್ಕೊಳ್ಳಿ. ಕೈಸಾಲ ಮಾಡದೆ, ಒಡವೆ ಅಡ ಇಡದೆ, ಜಮೀನು ಮಾರದೆ, ಈಗ ಹೇಗೆ ತಿಂತಿದೀರೋ ಹಾಗೇ ತಿಂದ್ಕೊಂಡು ಮನೆ ಎಷ್ಟು ತಿಂಗಳು ನಡೆಯುತ್ತೆ? ಆ ನಂಬರ್ರೇ ನಿಮ್ಮ ಶ್ರೀಮಂತಿಕೆ.

ಈ ನಂಬರ್ ತೆಗೆಯೋದು ಸುಲಭ, ಆದ್ರೆ ಜನ ಮೋಸ ಮಾಡ್ಕೊಳ್ಳೋದೂ ಇಲ್ಲೇ. ತಿಂಗಳ ಖರ್ಚು ಅಂದ್ರೆ ರೇಷನ್, ಕರೆಂಟು, ಗ್ಯಾಸು, ಪೆಟ್ರೋಲು ಅಷ್ಟೇ ಬರ್ಕೊಂಡು ಹನ್ನೆರಡು ಸಾವಿರ ಅಂತಾರೆ. ಸಂಘದ ಕಂತು? ಚೀಟಿ? ಫೋನಿನ ಇಎಂಐ? ವರ್ಷಕ್ಕೊಂದು ಸಲ ಬರೋ ಸ್ಕೂಲ್ ಫೀಜು, ಯುಗಾದಿ ಬಟ್ಟೆ, ಊರ ಜಾತ್ರೆಗೆ ಬರೋ ನೆಂಟರ ಖರ್ಚು, ಎಲ್‌ಐಸಿ, ಗಾಡಿ ಇನ್ಶೂರೆನ್ಸು, ಇವನ್ನೆಲ್ಲ ಕೂಡಿ 12ರಿಂದ ಭಾಗ ಮಾಡಿ ಅದನ್ನೂ ಸೇರಿಸಿ. ಹನ್ನೆರಡು ಹೋಗಿ ಹತ್ತೊಂಬತ್ತೋ ಇಪ್ಪತ್ತೋ ಆಗಿರುತ್ತೆ ನೋಡಿ. ತೋಟದ ಖರ್ಚು, ಹಸು ಖರ್ಚು ಮಾತ್ರ ಇದಕ್ಕೆ ಬೆರೆಸ್ಬೇಡಿ, ಅದಕ್ಕೆ ಬೇರೆ ಪುಸ್ತಕ. ಆಮೇಲೆ ಕೈಲಿರೋ ಕ್ಯಾಶು, ಸೇವಿಂಗ್ಸ್, ಎಫ್‌ಡಿ, ಒಂದು ವಾರದೊಳಗೆ ಕೈಗೆ ಬರೋ ದುಡ್ಡು ಎಷ್ಟಿದೆಯೋ ಅದನ್ನ ಈ ಖರ್ಚಿನಿಂದ ಭಾಗಿಸಿ.

ಉದಾಹರಣೆಗೆ ಎರಡು ಹಸು ಕಟ್ಟಿರೋ ಒಂದು ಮನೆ, ತಿಂಗಳಿಗೆ 15,000 ಖರ್ಚು, ಪೋಸ್ಟ್ ಆಫೀಸು ಬ್ಯಾಂಕು ಎಲ್ಲ ಸೇರಿ 1,20,000 ಇದೆ, ಅಂದ್ರೆ ಎಂಟು ತಿಂಗಳು. ಇನ್ನೊಂದು ಮನೇಲಿ ಮಗ ಬೆಂಗಳೂರಲ್ಲಿ 1,10,000 ಸಂಬಳ ತಗೋತಾನೆ, ಕಾರು, ಸೈಟು, ಫೋನು ಅಂತ ಇಎಂಐ 58,000, ಬಾಡಿಗೆ ಊಟ ಓಡಾಟ 37,000, ಒಟ್ಟು 95,000, ಅಕೌಂಟಲ್ಲಿ 48,000 ಇದೆ. ಹದಿನೈದು ದಿನ! ಊರಿಗೆ ಬಂದಾಗ ಎಲ್ಲರೂ ಎದ್ದು ನಿಂತು ಮಾತಾಡ್ಸೋದು ಯಾರನ್ನ ಅಂತ ನಿಮಗೇ ಗೊತ್ತು.

ಜಮೀನಿನ ಮಾತು ಬಂದೇ ಬರುತ್ತೆ. ಹೈವೇ ಪಕ್ಕ ನಾಲ್ಕು ಎಕರೆ ಇದೆ, ಪಹಣಿ ನೋಡಿದ್ರೆ ಕೋಟ್ಯಧಿಪತಿ, ರಾತ್ರಿ ಮೊಮ್ಮಗುಗೆ ಜ್ವರ ಜಾಸ್ತಿ ಆಗಿ ಆಸ್ಪತ್ರೆಗೆ ಹತ್ತು ಸಾವಿರ ಕಟ್ಟಿ ಅಂದ್ರೆ ಪಕ್ಕದ ಮನೆ ಬಾಗಿಲು ತಟ್ತಾರೆ. ಜಮೀನು ಆಸ್ತಿ, ಅದನ್ನ ಮಾರಿ ಅಂತ ನಾನು ಯಾವತ್ತೂ ಹೇಳಲ್ಲ, ಆದ್ರೆ ಈ ಲೆಕ್ಕದಲ್ಲಿ ಅದಕ್ಕೆ ಸೊನ್ನೆ. ಅಣ್ತಮ್ಮಂದಿರ ಹೆಸರಲ್ಲಿ ಜಂಟಿ ಖಾತೆ ಇದ್ರಂತೂ ಕೇಳೋದೇ ಬೇಡ.

ಸರಿ, ನಂಬರ್ ಬಂತು, ಮೂರಕ್ಕಿಂತ ಕಮ್ಮಿ ಇದ್ರೆ ಏನ್ ಮಾಡ್ಬೇಕು? ಖರ್ಚು ಕಮ್ಮಿ ಮಾಡಿ ಅಂತ ಹೇಳೋದು ಎಲ್ಲರಿಗೂ ಬರುತ್ತೆ. ನಮ್ ಜಿಲ್ಲೆಯ ಸಮಸ್ಯೆ ಬೇರೆ ಇದೆ. ಇಲ್ಲಿ ವರ್ಷವಿಡೀ ಹರಿಯೋ ನದಿ ಅಂತ ಒಂದೂ ಇಲ್ಲ, ಕೆರೆ, ಬೋರು ಇವೇ ಗತಿ, ದುಡ್ಡು ತಿಂಗಳ ಸಂಬಳದ ಥರ ಬರಲ್ಲ, ಬಂದ್ರೆ ಒಟ್ಟಿಗೆ ಬರುತ್ತೆ, ಇಲ್ಲಾಂದ್ರೆ ಆರು ತಿಂಗಳು ಮುಖಾನೇ ತೋರ್ಸಲ್ಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸೀಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಕೂತಿದ್ದು ಎಲ್ಲರಿಗೂ ನೆನಪಿದೆ. ಅದೇ ಬಾಕ್ಸಿಗೆ ಬಿಡಿಸೋ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟದೆ ವಡ್ಡಹಳ್ಳಿ ಮಾರ್ಕೆಟ್ ಹತ್ರ ರೋಡ್ ಸೈಡಲ್ಲಿ ಸುರಿದು ಹೋದ ವರ್ಷಗಳೂ ನೆನಪಿವೆ. ಮಾವು ಅಂತೂ ಶ್ರೀನಿವಾಸಪುರದವರನ್ನ ಕೇಳಿ, ವರ್ಷಕ್ಕೊಂದೇ ಫಸಲು. ರೇಷ್ಮೆ, ಹಾಲು ಇರೋ ಮನೆಗಳು ಸ್ವಲ್ಪ ಉಸಿರಾಡೋದು ಯಾಕೆ ಅಂದ್ರೆ ಅದು ಆಗಾಗ ಕೈಗೆ ಬರುತ್ತೆ, ಅಷ್ಟೇ.

ಹಾಗಾಗಿ ಒಟ್ಟಿಗೆ ಬಂದ ದುಡ್ಡನ್ನ ತಿಂಗಳ ಸಂಬಳ ಮಾಡ್ಕೊಳ್ಳೋದನ್ನ ಮೊದಲು ಕಲೀಬೇಕು. ಟೊಮೆಟೊ ಒಳ್ಳೆ ರೇಟಿಗೆ ಹೋಗಿ ಖರ್ಚೆಲ್ಲ ಕಳೆದು 6,00,000 ಉಳೀತು ಅನ್ಕೊಳ್ಳಿ. ಮೊದಲು ಮುಂದಿನ ಬೆಳೆಗೆ ಬೇಕಾದ್ದು, ಸಸಿ, ಗೊಬ್ಬರ, ಔಷಧಿ, ಕಡ್ಡಿ, ಕೂಲಿ, ಇದಕ್ಕೆ ಒಂದೂವರೆ ಲಕ್ಷ ಎತ್ತಿಡಿ, ಇಲ್ಲಾಂದ್ರೆ ಮತ್ತೆ ಮಂಡಿಯವರ ಹತ್ರ ಅಡ್ವಾನ್ಸಿಗೆ ಕೈ ಚಾಚ್ತೀರ, ಅವರ ದುಡ್ಡು ತಗೊಂಡ್ಮೇಲೆ ಮಾಲು ಅವರಿಗೇ ಹಾಕ್ಬೇಕು. ಆಮೇಲೆ ಕೈಸಾಲ ಒಂದು ಲಕ್ಷ ತೀರಿಸಿ. ಮನೆಗೆ ತಿಂಗಳಿಗೆ 20,000ದ ಹಾಗೆ ಹನ್ನೆರಡು ತಿಂಗಳಿಗೆ 2,40,000 ಬೇರೆ ಅಕೌಂಟಿಗೆ ಹಾಕಿ, ಆ ಅಕೌಂಟಿನ ಎಟಿಎಂ ಕಾರ್ಡು ಫೋನ್ ಪೇ ಯಾವುದೂ ಬೇಡ, ತಿಂಗಳ ಒಂದನೇ ತಾರೀಕು ಇಪ್ಪತ್ತು ಸಾವಿರ ಮಾತ್ರ ಮನೆ ಅಕೌಂಟಿಗೆ ಬರೋ ಹಾಗೆ ಬ್ಯಾಂಕಲ್ಲಿ ಬರ್ಕೊಟ್ಟು ಬನ್ನಿ. ಉಳಿದಿದ್ದು 1,10,000. ಇದು ನಿಮ್ದು. ಬೈಕ್ ತಗೊಳ್ಳಿ, ಮನೆಯವರನ್ನೆಲ್ಲ ಕರ್ಕೊಂಡು ತಿರುಪತಿಗೆ ಹೋಗಿ, ಟಿವಿ ತಗೊಳ್ಳಿ, ಯಾರೂ ಕೇಳೋ ಹಾಗಿಲ್ಲ, ನಾನಂತೂ ಕೇಳಲ್ಲ. ಬೆವರು ಸುರಿಸಿ ಬೆಳೆದೋನು ಒಂದು ರೂಪಾಯಿನೂ ತನಗೆ ಅಂತ ಖರ್ಚು ಮಾಡ್ಬಾರ್ದು ಅನ್ನೋ ಉಪದೇಶ ನನಗೆ ಆಗಲ್ಲ.

ಆದ್ರೆ ನಮ್ಮಲ್ಲಿ ಆಗೋದು ಬೇರೆ, ಆರು ಲಕ್ಷ ಬಂದ ತಕ್ಷಣ ಬೋರ್ ಗಾಡಿಗೆ ಫೋನ್ ಹೋಗುತ್ತೆ. ಸಾವಿರ, ಸಾವಿರದೈನೂರು ಅಡಿ ಇಳಿಸೋದು ಇಲ್ಲಿ ಹೊಸದಲ್ಲ. ಪಾಯಿಂಟ್ ನೋಡೋನು ತೆಂಗಿನಕಾಯಿ ಹಿಡ್ಕೊಂಡು ತೋಟ ಸುತ್ತಿ ‘ಇಲ್ಲೇ’ ಅಂತಾನೆ, ರಾತ್ರಿ ಗಾಡಿ ಬರುತ್ತೆ, ಎಂಟ್ನೂರು ಅಡಿಗೆ ಬರೀ ಧೂಳು, ಪಕ್ಕದಲ್ಲಿ ನಿಂತಿರೋ ಹತ್ತು ಜನಾನೂ ‘ಇಷ್ಟು ಇಳ್ಸಿದೀಯ, ಇನ್ನೊಂದ್ ನೂರಡಿ ಇಳ್ಸಪ್ಪ’ ಅಂತಾರೆ, ಕೆಳಗೆ ಹೋದ ಹಾಗೆ ಅಡಿಗೆ ರೇಟು ಏರ್ತಾ ಹೋಗುತ್ತೆ, ಆ ಹೊತ್ತಲ್ಲಿ ಬೇಡ ಅನ್ನೋ ಗಂಡಸು ನಮ್ ಜಿಲ್ಲೇಲಿ ಇನ್ನೂ ಹುಟ್ಟಿಲ್ಲ. ಬೆಳಗಾಗೋ ಹೊತ್ತಿಗೆ ಎರಡು ವರ್ಷದ ಮನೆ ಖರ್ಚು ಭೂಮಿ ಒಳಗೆ. ಬೋರ್ ಬೇಡ ಅಂತ ಹೇಳ್ತಿಲ್ಲ. ಗಾಡಿ ಕರೆಯೋಕೆ ಮುಂಚೆ ಮನೇಲಿ ಕೂತು ಇಷ್ಟು ಅಡಿ, ಇಷ್ಟು ದುಡ್ಡು, ಅದರ ಮೇಲೆ ಒಂದಡಿನೂ ಇಲ್ಲ ಅಂತ ಹೆಂಡತಿ ಮುಂದೆ ಬರೆದಿಟ್ಟು, ಆ ಚೀಟಿ ಅವರ ಕೈಗೇ ಕೊಟ್ಟು, ರಾತ್ರಿ ಅವರನ್ನೂ ತೋಟಕ್ಕೆ ಕರ್ಕೊಂಡ್ ಹೋಗಿ. ಅದಕ್ಕೂ ಮುಂಚೆ ಇರೋ ನೀರಿಗೆ ಡ್ರಿಪ್ ಹಾಕ್ಸಿದೀರಾ ನೋಡಿ, ತೋಟಗಾರಿಕೆ ಇಲಾಖೇಲಿ ಸಬ್ಸಿಡಿ ಇದೆ. ಕೆಸಿ ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳ್ಸೋ ನೀರು, ಕೆರೆಗೆ ಬಂದ್ಮೇಲೆ ಅಕ್ಕಪಕ್ಕದ ಹಳೇ ಬೋರುಗಳಲ್ಲಿ ನೀರು ಕಂಡವರೂ ಇದಾರೆ, ಹೊಸದು ಕೊರೆಸೋಕೆ ಮುಂಚೆ ಹಳೇದನ್ನ ಒಂದ್ಸಲ ಚೆಕ್ ಮಾಡ್ಸೋಕೆ ದೊಡ್ಡ ಖರ್ಚೇನಿಲ್ಲ.

ಇನ್ನು ಬಡ್ಡಿ. ನಮ್ ಕಡೆ ಬಡ್ಡೀನ ರೂಪಾಯಿ ಲೆಕ್ಕದಲ್ಲಿ ಹೇಳ್ತಾರೆ, ‘ಮೂರು ರೂಪಾಯಿ ಬಡ್ಡಿ’ ಅಂದ್ರೆ ಕಿವಿಗೆ ಕಮ್ಮಿ ಅನ್ಸುತ್ತೆ. ನೂರಕ್ಕೆ ತಿಂಗಳಿಗೆ ಮೂರು ಅಂದ್ರೆ ವರ್ಷಕ್ಕೆ 36 ಪರ್ಸೆಂಟು. ಒಂದು ಲಕ್ಷಕ್ಕೆ ವರ್ಷಕ್ಕೆ 36,000, ಎರಡು ವರ್ಷ ಕಟ್ಟಿದ್ರೆ 72,000 ಹೋಯ್ತು, ಅಸಲು ಹಾಗೇ ಕೂತಿದೆ. ಅದೇ ಲಕ್ಷನ ಬ್ಯಾಂಕಲ್ಲಿ ಒಡವೆ ಇಟ್ಟು ತಂದ್ರೆ ವರ್ಷಕ್ಕೆ ಒಂಬತ್ತು ಹತ್ತು ಸಾವಿರದ ಆಸುಪಾಸು. ಕಿಸಾನ್ ಕ್ರೆಡಿಟ್ ಕಾರ್ಡಲ್ಲಿ 3 ಲಕ್ಷದವರೆಗೆ ಬೆಳೆ ಸಾಲ ಗಡುವಿನೊಳಗೆ ಕಟ್ಟಿದ್ರೆ 4 ಪರ್ಸೆಂಟು. ವಿಎಸ್‌ಎಸ್‌ಎನ್ ಸೊಸೈಟೀಲಿ (ಊರಿನ ವ್ಯವಸಾಯ ಸೇವಾ ಸಹಕಾರ ಸಂಘ) ಬಡ್ಡಿ ಇಲ್ಲದ ಬೆಳೆ ಸಾಲದ ಮಿತೀನ 2023ರ ರಾಜ್ಯ ಬಜೆಟ್ಟಲ್ಲಿ 5 ಲಕ್ಷಕ್ಕೆ ಏರ್ಸಿದ್ರು, ಕೈಗೆ ಸಿಗೋದು ಅಷ್ಟಿರಲ್ಲ, ನಿಮ್ಮ ಜಮೀನು ಬೆಳೆ ನೋಡಿ ಕೊಡ್ತಾರೆ, ಆದ್ರೂ ಸಿಕ್ಕಿದ್ದು ಲಾಭಾನೇ, ತಾರೀಕು ಮಾತ್ರ ತಪ್ಪಿಸ್ಬೇಡಿ. ಹುಡುಗರಿಗೆ ಒಂದು ಮಾತು, ಕ್ರೆಡಿಟ್ ಕಾರ್ಡಲ್ಲಿ ಮಿನಿಮಮ್ ಮಾತ್ರ ಕಟ್ಕೊಂಡು ಹೋದ್ರೆ ಅದೂ ಮೂರು, ಮೂರೂವರೆ ರೂಪಾಯಿ ಬಡ್ಡೀನೇ, ಎಸಿ ರೂಮಲ್ಲಿ ಕೂತಿರೋ ಬಡ್ಡಿಯವರು ಅಷ್ಟೇ. ಒಂದಕ್ಕಿಂತ ಹೆಚ್ಚು ಸಾಲ ಇದ್ರೆ ಬೈಯ್ಯೋರ ಸಾಲ ಮೊದಲು ತೀರಿಸೋದು ನಮ್ ಅಭ್ಯಾಸ, ಬಡ್ಡಿ ಜಾಸ್ತಿ ಇರೋದನ್ನ ಮೊದಲು ತೀರಿಸಿ, ಬೈಯ್ಯೋರು ಇನ್ನೊಂದೆರಡು ತಿಂಗಳು ಬೈಲಿ.

ಚೀಟಿ ಕೆಟ್ಟದ್ದಲ್ಲ, ಆದ್ರೆ ಅದು ಹೇಗೆ ನಡೆಯುತ್ತೆ ಅಂತ ತಿಳ್ಕೊಂಡು ಹಾಕಿ. ಇಪ್ಪತ್ತು ಜನ, ತಿಂಗಳಿಗೆ ತಲಾ 5,000, ಒಂದು ಲಕ್ಷದ ಚೀಟಿ, ತಿಂಗಳಿಗೊಬ್ಬರು ಎತ್ಕೋತಾರೆ, ಯಾರು ಕಮ್ಮಿಗೆ ಕೂಗ್ತಾರೋ ಅವರಿಗೆ. ಮೊದಲನೇ ತಿಂಗಳೇ ಅರ್ಜೆಂಟ್ ಇರೋನು 70,000ಕ್ಕೆ ಕೂಗ್ತಾನೆ, ಬಿಟ್ಟ 30,000ದಲ್ಲಿ ಚೀಟಿ ನಡೆಸೋರ ಕಮಿಷನ್ 5,000 ಹೋಗಿ 25,000 ಉಳೀತು, ತಲಾ 1,250 ಹಂಚ್ಕೋತಾರೆ. ಎತ್ತಿದೋನು 70,000 ತಗೊಂಡು ಇನ್ನೂ ಹತ್ತೊಂಬತ್ತು ತಿಂಗಳು ಕಟ್ಟಬೇಕು, ಅವನಿಗೆ ಅದು ದುಬಾರಿ ಸಾಲ, ಕೊನೆವರೆಗೂ ಕಾದೋನಿಗೆ ಉಳಿತಾಯ. ನೀವು ಯಾವ ಕಡೆ ಇರ್ತೀರ ಅಂತ ಮೊದಲೇ ಗೊತ್ತಿರ್ಲಿ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಿರೋದಾ ಅಂತ ಕೇಳಿ, ಕಮಿಷನ್ 7 ಪರ್ಸೆಂಟ್ ಮೇಲೆ ತಗೊಳ್ಳೋ ಹಾಗಿಲ್ಲ. ಊರ ಚೀಟೀಲಿ ರಿಜಿಸ್ಟರೂ ಇಲ್ಲ ರಸೀದೀನೂ ಇಲ್ಲ, ನಡೆಸೋ ಅಕ್ಕ ಒಳ್ಳೆಯವರೇ, ಆದ್ರೆ ಎತ್ಕೊಂಡೋನು ಊರು ಬಿಟ್ರೆ ಆ ಅಕ್ಕನೂ ಮುಳುಗ್ತಾರೆ ನೀವೂ ಮುಳುಗ್ತೀರ. ಹೋದ್ರೂ ಜೀವಕ್ಕೆ ತೊಂದ್ರೆ ಇಲ್ಲ ಅನ್ನೋವಷ್ಟೇ ಹಾಕಿ.

ಚಿನ್ನದ ಬಗ್ಗೆ ಮನೇಲಿ ಜಗಳ ಆಗೋ ಮಾತು ಹೇಳ್ತೀನಿ. ಒಡವೆ ಬೇರೆ, ಉಳಿತಾಯದ ಚಿನ್ನ ಬೇರೆ. ಒಂದು ಲಕ್ಷದ ಚಿನ್ನಕ್ಕೆ ವೇಸ್ಟೇಜು ಮಜೂರಿ 12 ಪರ್ಸೆಂಟ್ ಅಂದ್ರೆ 1,12,000, ಅದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ ಸೇರಿ 1,15,360 ಕೊಟ್ಟು ತರ್ತೀರ. ಅಂಗಡಿಯಿಂದ ಆಚೆ ಬಂದು ವಾಪಸ್ ಹೋಗಿ ಕೊಟ್ರೆ ಒಂದು ಲಕ್ಷದ ಮೇಲೆ ಒಂದು ರೂಪಾಯಿ ಬರಲ್ಲ. ಮಗಳಿಗೆ ಹಾಕ್ಸೋಕೆ ಆಸೆ ಇದ್ರೆ ಸಂತೋಷವಾಗಿ ಹಾಕ್ಸಿ, ಅದಕ್ಕೆ ಖರ್ಚು ಅಂತ ಹೆಸರು ಕೊಡಿ. ಕಷ್ಟಕಾಲಕ್ಕೆ ಅಂತ ತಗೊಳ್ಳೋದಾದ್ರೆ ಕಲ್ಲು ಇಲ್ಲದ, ಮಜೂರಿ ಕಮ್ಮಿ ಇರೋ ಬಳೆ, ಇಲ್ಲ ನಾಣ್ಯ. ಆರು ಅಕ್ಷರದ ಹಾಲ್‌ಮಾರ್ಕ್ ನಂಬರ್, ಅದೇ ಎಚ್‌ಯುಐಡಿ, 2023ರ ಏಪ್ರಿಲ್‌ನಿಂದ ಕಡ್ಡಾಯ, ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡ್ಬಹುದು, ಬಿಲ್ ಇಲ್ಲದೆ ಮಾತ್ರ ತರ್ಬೇಡಿ.

ಮದುವೆಗೆ ನನ್ನದೊಂದು ಉಪಾಯ ಇದೆ, ಖರ್ಚನ್ನ ರೂಪಾಯಲ್ಲಿ ಹೇಳ್ಬೇಡಿ, ತಿಂಗಳಲ್ಲಿ ಹೇಳಿ. ಮನೆ ಖರ್ಚು ತಿಂಗಳಿಗೆ 20,000 ಇರೋ ಮನೇಲಿ ಎಂಟು ಲಕ್ಷದ ಮದುವೆ ಅಂದ್ರೆ ನಲವತ್ತು ತಿಂಗಳು. ಎರಡು ಲಕ್ಷದ ಸ್ಟೇಜ್ ಡೆಕೊರೇಷನ್ ಹತ್ತು ತಿಂಗಳ ಊಟ. ಹೀಗೆ ಹೇಳಿದ್ರೆ ಬೀಗರ ಮುಂದೆ ಗತ್ತು ತೋರಿಸ್ಬೇಕು ಅನ್ನೋ ಚಿಕ್ಕಪ್ಪಂದಿರು ಕೂಡ ಒಂದು ನಿಮಿಷ ಸುಮ್ನಾಗ್ತಾರೆ. ಊಟದಲ್ಲಿ ಕೈ ಹಿಡೀಬೇಡಿ, ಬಂದೋರು ಹೊಟ್ಟೆ ತುಂಬ ಉಂಡು ಹೋಗ್ಲಿ, ಕಟ್ ಮಾಡೋದಾದ್ರೆ ಡೆಕೊರೇಷನ್ನು, ಡ್ರೋನು, ಆರ್ಕೆಸ್ಟ್ರಾ, ಇನ್ವಿಟೇಷನ್ ಡಬ್ಬಿ ಇವುಗಳಲ್ಲಿ ಮಾಡಿ. ಮುಯ್ಯಿ ಬರೆದ ಪುಸ್ತಕ ಹುಷಾರಾಗಿ ಇಟ್ಕೊಳ್ಳಿ. ಬಂದ ಮುಯ್ಯೀನ ಲಾಭ ಅಂತ ಲೆಕ್ಕ ಹಾಕೋರು ಇದಾರೆ, ಅದು ಬಡ್ಡಿ ಇಲ್ಲದ ಸಾಲ, ಅವರ ಮನೆ ಮದುವೆಗೆ ಸ್ವಲ್ಪ ಮೇಲೆ ಹಾಕಿ ವಾಪಸ್ ಕೊಡ್ಲೇಬೇಕು, ಶ್ರಾವಣದಲ್ಲಿ ಮದುವೆ ಸೀಸನ್ನಿಗೆ ಅಂತ ಒಂದಷ್ಟು ಎತ್ತಿಡ್ದೇ ಇದ್ರೆ ಬಟವಾಡೆ ಪೂರ್ತಿ ಮುಯ್ಯಿಗೇ ಹೋಗುತ್ತೆ.

ಇಷ್ಟೆಲ್ಲ ಓದಿ ನನ್ನನ್ನ ಜಿಪುಣ ಅಂದ್ಕೋಬೇಡಿ, ಜಿಪುಣರ ಮೇಲೆ ನನಗೆ ಸಾಲಗಾರರಿಗಿಂತ ಕೋಪ ಜಾಸ್ತಿ. ಡೈರಿಗೆ ಹತ್ತು ಲೀಟರ್ ಹಾಲು ಹಾಕೋ ಮನೇಲಿ ಮಕ್ಕಳು ಬರೀ ಡಿಕಾಕ್ಷನ್ ಕುಡ್ಕೊಂಡು ಸ್ಕೂಲಿಗೆ ಹೋಗೋದು ನೋಡಿದೀನಿ. ದಿನಕ್ಕೆ ಅರ್ಧ ಲೀಟರ್ ಮನೇಲಿ ಇಟ್ಕೊಂಡ್ರೆ ತಿಂಗಳಿಗೆ 15 ಲೀಟರ್, ಬಟವಾಡೇಲಿ ಐನೂರು ಆರ್ನೂರು ರೂಪಾಯಿ ಕಮ್ಮಿ ಬರುತ್ತೆ, ಬರ್ಲಿ. ಹಸುಗೆ ಕೆಚ್ಚಲು ಬಾವು ಶುರುವಾದ ದಿನವೇ ಡಾಕ್ಟರ್ ಕರೀದೆ ಅರಿಶಿನ ಸುಣ್ಣ ಹಚ್ಕೊಂಡು ನಾಲ್ಕು ದಿನ ತಳ್ಳಿ, ಐನೂರು ಉಳಿಸೋಕೆ ಹೋಗಿ ಒಂದು ಮೊಲೆ ಪೂರ್ತಿ ಕಳ್ಕೊಂಡ ಹಸುಗಳು ನಮ್ ಊರಲ್ಲಿ ಬೇಕಾದಷ್ಟಿವೆ. ಅಜ್ಜಿಗೆ ಕಣ್ಣಿನ ಪೊರೆ, ಸರ್ಕಾರಿ ಕ್ಯಾಂಪಲ್ಲಿ ಪುಕ್ಕಟೆ ಮಾಡ್ತಾರೆ, ಆದ್ರೂ ಓಡಾಟದ ಖರ್ಚಿಗೆ, ಒಂದು ದಿನದ ಕೂಲಿಗೆ ನೋಡ್ಕೊಂಡು ಮುಂದಿನ ವರ್ಷ ಮುಂದಿನ ವರ್ಷ ಅಂತಾರೆ. ಹಲ್ಲು, ಕಣ್ಣು, ಚಪ್ಪಲಿ, ಹಾಸಿಗೆ, ಮಕ್ಕಳ ಓದು, ಇವುಗಳಲ್ಲಿ ಉಳಿಸಿದ ದುಡ್ಡು ಎರಡರಷ್ಟಾಗಿ ಆಚೆ ಹೋಗುತ್ತೆ. ಎರಡು ರೂಪಾಯಿ ಕಮ್ಮಿ ಅಂತ ಈರುಳ್ಳಿಗೆ ಬೈಕಲ್ಲಿ ಚಿಂತಾಮಣಿವರೆಗೂ ಹೋಗೋರ ಬಗ್ಗೆ ಏನ್ ಹೇಳೋದು.

ಸಣ್ಣ ದುಡ್ಡಲ್ಲಿ ದೊಡ್ಡ ಹೊಡೆತ ತಡೆಯೋ ಕೆಲಸ ಮೂರಿವೆ, ಇವತ್ತೇ ಮಾಡ್ಬಹುದು. ಬ್ಯಾಂಕ್ ಅಕೌಂಟ್ ಇರೋರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ ಇದೆ, ಪ್ರಧಾನಮಂತ್ರಿ ಹೆಸರಿನ ಸ್ಕೀಮುಗಳು, ಒಂದೊಂದು ಫಾರಂ. ಡೈರಿ ಸದಸ್ಯರಾಗಿದ್ರೆ ಯಶಸ್ವಿನಿ ಆರೋಗ್ಯ ವಿಮೆ ಮಾಡ್ಸಿ. 2003ರಲ್ಲಿ ಶುರುವಾಗಿ ಮಧ್ಯದಲ್ಲಿ ನಿಂತೋಗಿ 2022ರಲ್ಲಿ ಮತ್ತೆ ಬಂತು, ಹಳ್ಳಿ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ಅದರ ಮೇಲೆ ಒಬ್ಬೊಬ್ಬರಿಗೂ 100, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಹೆಸರು ಬರೆಸೋಕೆ ಕೊನೇ ದಿನ ಅಂತ ಇರುತ್ತೆ, ನಾನು ಡೈರಿ ಬಾಗಿಲಿಗೆ ನೋಟಿಸ್ ಅಂಟಿಸ್ತೀನಿ, ಹಾಲು ಹಾಕೋಕೆ ಬಂದೋರು ಅದಕ್ಕೇ ಒರಗಿ ನಿಂತ್ಕೊಂಡು ಮಾತಾಡ್ತಾರೆ ಹೊರತು ಓದಲ್ಲ.

ಕೊನೇದು ಜಮೀನು ಹೋಗಿ ಪರಿಹಾರ ಬಂದವರಿಗೆ. ವೇಮಗಲ್, ನರಸಾಪುರ ಇಂಡಸ್ಟ್ರಿಗೆ, ಚೆನ್ನೈ ಎಕ್ಸ್‌ಪ್ರೆಸ್ ವೇಗೆ ಕೊಟ್ಟವರ ಅಕೌಂಟಿಗೆ ಅಷ್ಟು ದೊಡ್ಡ ಮೊತ್ತ ಜೀವಮಾನದಲ್ಲಿ ಒಂದೇ ಸಲ ಬೀಳೋದು, ಬಿದ್ದ ವಾರದಲ್ಲೇ ಕಾರ್ ಶೋರೂಮಿನೋರು, ಸೈಟ್ ಬ್ರೋಕರು, ದೂರದ ನೆಂಟರು ಎಲ್ಲ ಮನೆಗೇ ಬರ್ತಾರೆ. ಮೊದಲ ಮೂರು ತಿಂಗಳು ಯಾರಿಗೂ ಹೂಂ ಅನ್ಬೇಡಿ, ದುಡ್ಡು ಬ್ಯಾಂಕಲ್ಲೇ ಇರ್ಲಿ, ಟ್ಯಾಕ್ಸ್ ಬೀಳುತ್ತಾ ಅಂತ ಆಡಿಟರ್ ಹತ್ರ ಕೇಳಿ, ಅಣ್ತಮ್ಮ ಅಕ್ಕತಂಗಿಯರ ಪಾಲು ಪೇಪರ್ ಮೇಲೆ ಮುಗಿಸಿ. ಒಂದು ಬ್ಯಾಂಕಲ್ಲಿ ಒಬ್ಬರ ಹೆಸರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ ಇರೋದು, 2020ರಿಂದ, ಮೇಲಿನದನ್ನ ಬೇರೆ ಬೇರೆ ಬ್ಯಾಂಕಿಗೆ ಹಂಚಿ. ಜಾಸ್ತಿ ಬಡ್ಡಿ ಕೊಡ್ತೀವಿ ಅನ್ನೋ ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲವೇ ಇಲ್ಲ, ಎದುರಿಗೆ ಕೂತಿರೋನು ನಮ್ ಊರಿನೋನೇ ಆದ್ರೂ ಅಷ್ಟೇ. ಪೋಸ್ಟ್ ಆಫೀಸ್ ಮಂತ್ಲಿ ಇನ್‌ಕಮ್ ಸ್ಕೀಮಲ್ಲಿ ಒಬ್ಬರು 9 ಲಕ್ಷ, ಜಂಟಿಯಾಗಿ 15 ಲಕ್ಷ ಇಡ್ಬಹುದು, 7.4 ಪರ್ಸೆಂಟ್ ಲೆಕ್ಕದಲ್ಲಿ 9 ಲಕ್ಷಕ್ಕೆ ತಿಂಗಳಿಗೆ 5,550 ಬರುತ್ತೆ, ಬಡ್ಡಿ ದರ ಸರ್ಕಾರ ಮೂರು ತಿಂಗಳಿಗೊಂದ್ಸಲ ನೋಡುತ್ತೆ, ಹಾಕೋ ದಿನ ಕೇಳ್ಕೊಳ್ಳಿ. ಅರವತ್ತು ದಾಟಿದ ಅಪ್ಪ ಅಮ್ಮ ಇದ್ರೆ ಅವರ ಹೆಸರಿಗೆ ಸೀನಿಯರ್ ಸಿಟಿಜನ್ ಸ್ಕೀಮು, 30 ಲಕ್ಷದವರೆಗೆ. ಕಾರು ಬೇಕೇ ಬೇಕು ಅಂದ್ರೆ ಆ ಬಡ್ಡಿ ದುಡ್ಡಲ್ಲಿ ಕಂತು ಕಟ್ಟೋಕೆ ಆಗುವಂಥ ಕಾರು ತಗೊಳ್ಳಿ, ಅಸಲು ಮುಟ್ಬೇಡಿ.

ಎಲ್ಲ ಅಕೌಂಟಿಗೂ ನಾಮಿನಿ ಹಾಕ್ಸಿದೀರಾ ಅಂತ ಈ ವಾರವೇ ನೋಡಿ. ಗಂಡ ಎಲ್ಲಿ ಏನಿಟ್ಟಿದಾರೆ ಅಂತ ಗೊತ್ತಿಲ್ಲದೆ ಹೆಂಡತಿ ಒಂದೊಂದು ಬ್ಯಾಂಕಿಗೂ ಅಲೆಯೋದು ನಮ್ಮಲ್ಲಿ ಮಾಮೂಲು. ಒಂದು ನೋಟ್‌ಬುಕ್ಕಲ್ಲಿ ಅಕೌಂಟು, ಬಾಂಡು, ಕೊಟ್ಟ ಸಾಲ, ತಗೊಂಡ ಸಾಲ, ಚೀಟಿ ಎಲ್ಲ ಬರೆದು ಮನೆಯವರಿಗೆ ತೋರ್ಸಿ. ಪೋಸ್ಟ್ ಆಫೀಸಿಗೆ ಹೋಗೋರು ಪಾಸ್‌ಬುಕ್ಕು, ಆಧಾರು, ಪ್ಯಾನು, ನಾಮಿನಿದೂ ಒಂದು ಆಧಾರ್ ಜೆರಾಕ್ಸು ತಗೊಂಡು ಬೆಳಗ್ಗೇನೇ ಹೋಗಿ, ಮಧ್ಯಾಹ್ನದ ಮೇಲೆ ಸರ್ವರ್ ಇಲ್ಲ ನಾಳೆ ಬನ್ನಿ ಅಂತಾರೆ.